ಗಂಧಕ್ಕೂ ಅಕ್ಕಡಿ ಬೇಕು

ತಿಪಟೂರು ಕಡೆಯ ಒಂದು ಹಳ್ಳಿ. ಜನವರಿ ತಿಂಗಳು. ಕೆಂಪು ಮಣ್ಣಿನ ಒಂದೆಕರೆ ಹೊಲದಲ್ಲಿ ಶ್ರೀಗಂಧದ ಸಸಿಗಳು ಮೊಣಕಾಲೆತ್ತರಕ್ಕೆ ಬಂದು ಅಲ್ಲೇ ನಿಂತುಬಿಟ್ಟಿದ್ದವು. ಎಲೆಗೆ ಹಳದಿ ಬಣ್ಣ ತಿರುಗಿತ್ತು, ಕುಡಿ ಒಣಗುತ್ತಿತ್ತು. ಹೊಲ ಮಾತ್ರ ಗುಡಿಸಿದ ಅಂಗಳದ ಹಾಗಿತ್ತು. ಹುಡುಕಿದರೂ ಒಂದು ಕಳೆ ಇಲ್ಲ. ಪ್ರತಿ ಗಿಡಕ್ಕೂ ಡ್ರಿಪ್, ಬುಡಕ್ಕೆ ಗೊಬ್ಬರ. ಆ ರೈತ ಎಷ್ಟು ದುಡಿದಿದ್ದಾರೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತಿತ್ತು.

‘ತೊಗರಿ ಎಲ್ಲಿ ಹೋಯ್ತಣ್ಣ?’ ಅಂತ ಕೇಳಿದೆ. ಚೀಲದಲ್ಲಿ ಸಸಿಯ ಜೊತೆಗೇ ತೊಗರಿ ಇಟ್ಟು ಕೊಟ್ಟಿದ್ದೆವು.

‘ಕಿತ್ತಾಕ್ದೆ ಮೇಡಂ. ನೀವೇ ಹೇಳಿದ್ರಲ್ಲ, ಅದು ಬಂದಳಿಕೆ ಥರ, ಗಂಧದ ಸಾರ ಹೀರುತ್ತೆ ಅಂತ.’

ನಾನು ಹಾಗೆ ಹೇಳಿರಲಿಲ್ಲ. ಜುಲೈನಲ್ಲಿ ನಡೆದ ತರಬೇತಿಯಲ್ಲಿ ನಾನು ಹೇಳಿದ್ದು ‘ಶ್ರೀಗಂಧ ಒಂದು ಅರೆ ಪರಾವಲಂಬಿ ಸಸ್ಯ, ಅದಕ್ಕೆ ಆತಿಥೇಯ ಸಸ್ಯಗಳ ಅವಶ್ಯಕತೆ ಇದೆ’ ಅಂತ. ಪರದೆ ಮೇಲೆ ಚಿತ್ರ ತೋರಿಸಿದ್ದೆ. ಎಲ್ಲರೂ ತಲೆ ಆಡಿಸಿದ್ದರು. ಆದರೆ ‘ಪರಾವಲಂಬಿ’ ಅಂದ ಕೂಡಲೇ ಅವರ ಕಣ್ಣಿಗೆ ಬಂದದ್ದು ಮಾವಿನ ಮರದ ಮೇಲಿನ ಬಂದಳಿಕೆ. ಅದನ್ನು ಕಂಡರೆ ಕತ್ತರಿಸಬೇಕು ಅನ್ನೋದು ಅವರಿಗೆ ಚಿಕ್ಕಂದಿನಿಂದ ಗೊತ್ತಿರುವ ಪಾಠ. ಗಂಧ ಬೆಲೆ ಬಾಳುವ ಗಿಡ, ತೊಗರಿ ಪಕ್ಕದಲ್ಲಿ ಅಂಟಿಕೊಂಡಿರುವ ಗಿಡ. ಹಾಗಾದರೆ ಬಂದಳಿಕೆ ಯಾವುದು? ಅವರ ಲೆಕ್ಕದಲ್ಲಿ ತೊಗರಿ. ನನ್ನ ಒಂದು ಪದ ಅವರ ಒಂದು ವರ್ಷದ ಬೆಳವಣಿಗೆಯನ್ನು ತಿಂದುಹಾಕಿತ್ತು. ಆ ದಿನ ನನಗಾದ ಸಂಕಟ ಇವತ್ತಿಗೂ ಹೋಗಿಲ್ಲ.

ನಿಜವಾಗಿ ಹೀರುವುದು ಗಂಧ. ತನಗೆ ಬೇಕಾದ ಸುಣ್ಣ, ಕಬ್ಬಿಣದ ಅಂಶವನ್ನು ಅದು ತನ್ನ ಬೇರಿನಿಂದಲೇ ತಕ್ಕಮಟ್ಟಿಗೆ ಎಳೆದುಕೊಳ್ಳುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್ ಇವಕ್ಕೆಲ್ಲ ಪಕ್ಕದ ಗಿಡದ ಬೇರನ್ನು ಹಿಡಿದುಕೊಳ್ಳುತ್ತದೆ. ಹಿಡಿದುಕೊಳ್ಳಲು ಬೇರೇ ಸಿಗದಿದ್ದರೆ ಎಷ್ಟು ಗೊಬ್ಬರ ಹಾಕಿದರೂ ಹಳದಿಯಾಗಿ ನಿಲ್ಲುತ್ತದೆ. ಈ ಮಾತನ್ನು ಅವತ್ತು ಮತ್ತೊಮ್ಮೆ ಬಾಯಲ್ಲಿ ಹೇಳಿ ಬರಬಹುದಿತ್ತು. ಆದರೆ ಬದುವಿನ ಹತ್ತಿರ ಮೂರು ಗಂಧದ ಗಿಡಗಳು ಕಡು ಹಸಿರಾಗಿ, ಸೊಂಟದೆತ್ತರ ಬೆಳೆದಿದ್ದು ಕಣ್ಣಿಗೆ ಬಿತ್ತು. ಅವುಗಳ ಪಕ್ಕ ನಾಲ್ಕು ತೊಗರಿ ಗಿಡ.

‘ಅವು ನಾನು ಬಿಡಿಸ್ಕೊಂಡಿದ್ದು’ ಅಂದರು ಅವರ ಹೆಂಡತಿ. ‘ಹಸಿ ತೊಗರಿಕಾಯಿ ಸಾರಿಗೆ ಬೇಕು, ಇವನ್ನ ಮುಟ್ಬೇಡಿ ಅಂದಿದ್ದೆ.’

ಅಲ್ಲೇ ಅಗೆಯೋಣ ಅಂತ ಕೇಳಿದೆ. ಒಂದು ಗಿಡ ಹಾಳಾಗಬಹುದು ಅಂತಲೂ ಹೇಳಿದೆ. ಅಷ್ಟು ಚೆನ್ನಾಗಿ ಬಂದ ಗಿಡ, ಒಪ್ಪುವುದು ಸುಲಭ ಅಲ್ಲ. ಕೊನೆಗೆ ರೈತರ ಹೆಂಡತಿ, ಆ ಅಮ್ಮನೇ ಗುದ್ದಲಿ ತಂದುಕೊಟ್ಟರು.

ಇಲ್ಲಿ ಕೆಲಸದ ವಿವರ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಹಾಗೆ ಹಳ್ಳಿ ಸುತ್ತುವವರಿಗೆ ಬೇಕಾಗುತ್ತದೆ. ಗಿಡವನ್ನು ಕೈಯಲ್ಲಿ ಹಿಡಿದು ಕೀಳಬಾರದು. ಕಿತ್ತರೆ ತೋರಿಸಬೇಕಾದ ಸಣ್ಣ ಬೇರೇ ಮಣ್ಣಲ್ಲಿ ಉಳಿದುಬಿಡುತ್ತದೆ. ಹಿಂದಿನ ರಾತ್ರಿ ಬುಡಕ್ಕೆ ಚೆನ್ನಾಗಿ ನೀರು ಬಿಡಬೇಕು. ಬೆಳಗ್ಗೆ ಎರಡು ಗಿಡದ ನಡುವಿನ ಮಣ್ಣನ್ನು ಹೆಂಟೆ ಸಮೇತ ಎತ್ತಿ ಗೋಣಿಚೀಲದ ಮೇಲೆ ಇಡಬೇಕು. ಆಮೇಲೆ ಅಗಲವಾದ ಟಬ್ಬಿನಲ್ಲಿ ನೀರು ತುಂಬಿ, ಹೆಂಟೆಯನ್ನು ನಿಧಾನವಾಗಿ ಮುಳುಗಿಸಿ ಸುಮ್ನೆ ಬಿಡಬೇಕು. ಉಜ್ಜಬಾರದು. ಮಣ್ಣು ತಾನಾಗಿ ಕಳಚಿ ತಳಕ್ಕೆ ಹೋಗುತ್ತದೆ. ಮೂರು ಸಲ ನೀರು ಬದಲಿಸಿದರೆ ಬೇರು ಬಿಡಿಬಿಡಿಯಾಗಿ ತೇಲುತ್ತದೆ. ಕೆಳಗೆ ಕಪ್ಪು ಬಟ್ಟೆ ಹಾಸಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ.

ಅವತ್ತು ನೆನೆಸಿದ ಮಣ್ಣಿರಲಿಲ್ಲ, ಆದರೂ ಡ್ರಿಪ್ಪಿನ ತೇವ ಇತ್ತು. ಟಬ್ಬಿನ ಸುತ್ತ ಆರೇಳು ಜನ ಕುಕ್ಕರುಗಾಲಲ್ಲಿ ಕೂತರು. ಗಂಧದ ಒಂದು ಎಳೆ ಬೇರು ದಾರದ ಹಾಗೆ ಹೋಗಿ, ತೊಗರಿ ಬೇರಿನ ಮೈಗೆ ಬೆಳ್ಳಗಿನ ಒಂದು ಅಂಗಿ ಗುಂಡಿಯ ಹಾಗೆ ಅಂಟಿಕೊಂಡಿತ್ತು. ಉದ್ದಿನಕಾಳಿಗಿಂತಲೂ ಚಿಕ್ಕದು. ಒಂದಲ್ಲ, ಸಾಲಾಗಿ ಐದಾರು.

‘ಹಸುಗೆ ಉಣ್ಣೆ ಕಚ್ಚಿದಂಗೈತಲ್ಲ!’ ಅಂದರು ಅಮ್ಮ.

ಪುಸ್ತಕದಲ್ಲಿ ಹಾಸ್ಟೋರಿಯಾ ಅಂತ ಬರೆಯುವುದನ್ನು ಇದಕ್ಕಿಂತ ಸರಿಯಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಆದರೆ ಉಣ್ಣೆ ಅಂದರೆ ಮತ್ತೆ ಕೀಳಬೇಕು ಅನಿಸುತ್ತದಲ್ಲ ಅಂತ ನನಗೆ ಒಳಗೇ ಅಳುಕು. ರೈತ ಸ್ವಲ್ಪ ಹೊತ್ತು ಬೇರನ್ನೇ ನೋಡುತ್ತಾ ಇದ್ದರು. ಆಮೇಲೆ ಹೇಳಿದರು: ‘ಹಂಗಂದ್ರೆ ಗಂಧಕ್ಕೂ ಅಕ್ಕಡಿ ಹಾಕ್ಬೇಕು ಅನ್ನಿ.’

ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಸಾಲು ಬಿಡುವುದು ಆ ಕಡೆ ತಲೆಮಾರಿನಿಂದ ಇದೆ. ಒಂದು ಬೆಳೆಗೆ ಇನ್ನೊಂದು ಜೊತೆ ಇರಬೇಕು ಅನ್ನುವುದು ಅವರಿಗೆ ಯಾರೂ ಕಲಿಸಬೇಕಾದ ವಿಷಯವೇ ಅಲ್ಲ. ಅದಕ್ಕೆ ಅವರ ಹತ್ತಿರ ಒಂದು ಪದ ಮೊದಲೇ ಇತ್ತು, ಅಕ್ಕಡಿ. ನಾನು ಆ ಪದವನ್ನು ಕೇಳದೆ, ನನ್ನ ಪದವನ್ನು ಅವರ ಮೇಲೆ ಹೇರಿದ್ದೆ. ಅವತ್ತಿನಿಂದ ನನ್ನ ತರಬೇತಿಗಳಲ್ಲಿ ಪರಾವಲಂಬಿ ಅನ್ನುವ ಮಾತು ಬಂದಿಲ್ಲ. ಗಂಧದ ಅಕ್ಕಡಿ ಅಂತಲೇ ಹೇಳುತ್ತೇನೆ. ಎಳೆ ವಯಸ್ಸಿಗೆ ತೊಗರಿ ಅಕ್ಕಡಿ, ದೊಡ್ಡದಾದ ಮೇಲೆ ಸರ್ವೆ, ಹೊಂಗೆ, ನೆಲ್ಲಿ, ಹೆಬ್ಬೇವು ಇಂಥ ಮರದ ಅಕ್ಕಡಿ. ಗಂಧ ಹಿಡಿದುಕೊಳ್ಳುವ ಗಿಡಗಳು 300ಕ್ಕೂ ಜಾಸ್ತಿ ಇವೆ. ಹಾಗಾಗಿ ನಿಮ್ಮ ಹೊಲಕ್ಕೆ ಒಗ್ಗುವುದು ಯಾವುದು ಅಂತ ರೈತರನ್ನೇ ಕೇಳುತ್ತೇನೆ.

ಟಬ್ಬು ಮುಂದೆ ಎಲ್ಲಾ ಕಡೆ ನನ್ನ ಜೊತೆ ಹೋಯಿತು. ಅದರಲ್ಲಿ ಒಂದು ಎಚ್ಚರಿಕೆ ಇದೆ. ತೊಗರಿ ಬೇರಿನಲ್ಲಿ ತನ್ನದೇ ಗಂಟುಗಳಿರುತ್ತವೆ, ಸಾರಜನಕ ಕೂಡಿಡುವ ಗಂಟುಗಳು. ನೋಡುವವರು ಅದನ್ನೇ ಗಂಧದ ಹಿಡಿತ ಅಂದುಕೊಳ್ಳುತ್ತಾರೆ. ಒಮ್ಮೆ ನಮ್ಮ ಸಹಾಯಕ ಹುಡುಗನೇ ಹಾಗೆ ತೋರಿಸಿಬಿಟ್ಟಿದ್ದ. ತೊಗರಿಯ ಗಂಟನ್ನು ಉಗುರಲ್ಲಿ ಸೀಳಿದರೆ ಒಳಗೆ ಗುಲಾಬಿ ಬಣ್ಣ ಇರುತ್ತದೆ. ಗಂಧದ ಹಿಡಿತಕ್ಕೆ ಹಿಂದೆ ಬೇರಿನ ಎಳೆ ಇದ್ದೇ ಇರುತ್ತದೆ. ಆ ಎಳೆ ಹಿಡಿದು ಹಿಂದಕ್ಕೆ ಹೋದರೆ ಗಂಧದ ಬುಡಕ್ಕೇ ತಲುಪಬೇಕು. ಈಗ ಬಂದವರ ಕೈಯಲ್ಲೇ ಎಳೆ ಹಿಡಿಸುತ್ತೇನೆ.

ನನಗೆ ಗಂಧದ ಪಾಠ ಆದದ್ದು ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ತರಬೇತಿಯಲ್ಲಿ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾದ ಜಾಗ ಅದು. ಅಲ್ಲಿ ಕಲಿತದ್ದು ಒಂದಿಷ್ಟೂ ಸುಳ್ಳಾಗಲಿಲ್ಲ. ಆದರೆ ಅಲ್ಲಿಯ ಅಳತೆಗಳನ್ನು ಹಳ್ಳಿಯ ಅಳತೆಗೆ ಇಳಿಸುವುದು ನಮ್ಮ ಕೆಲಸ. ಬೀಜೋಪಚಾರವನ್ನೇ ತೆಗೆದುಕೊಳ್ಳಿ. ಗಂಧದ ಬೀಜ ಬೇಗ ಮೊಳೆಯುವುದಿಲ್ಲ. ಮೊಳಕೆ ಎಬ್ಬಿಸುವ ಜಿಬ್ಬರೆಲಿಕ್ ಆಮ್ಲವನ್ನು ಲೀಟರಿಗೆ ಅರ್ಧ ಗ್ರಾಂ ಹಾಕಿ, ಒಂದು ರಾತ್ರಿ ನೆನೆಸಬೇಕು. ಅರ್ಧ ಗ್ರಾಂ ತೂಗುವ ತಕ್ಕಡಿ ಹಳ್ಳಿಯಲ್ಲಿ ಎಲ್ಲಿದೆ? ಚಿಟಿಕೆ ಅಂದರೆ ಒಬ್ಬೊಬ್ಬರ ಚಿಟಿಕೆ ಒಂದೊಂದು. ಹಾಗಾಗಿ ಆಫೀಸಿನಲ್ಲೇ ತೂಗಿ ಪುಟ್ಟ ಪೊಟ್ಟಣ ಕಟ್ಟಿ, ‘ಒಂದು ಪೊಟ್ಟಣಕ್ಕೆ ಒಂದು ಲೀಟರ್ ಬಾಟಲಿ ನೀರು’ ಅಂತ ಬರೆದು ಕೊಡಲು ಶುರು ಮಾಡಿದೆ. ನೀರಲ್ಲಿ ನೇರವಾಗಿ ಕರಗದ್ದರಿಂದ ಮೊದಲು ಕೆಲವು ಹನಿ ಸ್ಪಿರಿಟ್ ಹಾಕಬೇಕು, ಅದಕ್ಕೊಂದು ಸಣ್ಣ ಸೀಸೆ.

ಸಸಿ ಬೆಳೆಸುವ ಹೆಂಗಸರ ಸಂಘದಲ್ಲಿ ಈ ಕೆಲಸ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ನಡೆಯಿತು. ಮೂರು ಪಾಲು ಮರಳು, ಒಂದು ಪಾಲು ಕೆಮ್ಮಣ್ಣಿನ ಮಡಿ. ಮೇಲೆ ತೆಳುವಾಗಿ ಹುಲ್ಲು. ಎಲೆ ಒಡೆದ ಕೂಡಲೇ ಹುಲ್ಲು ತೆಗೆಯಬೇಕು. ನಾಲ್ಕರಿಂದ ಆರು ಎಲೆ ಬಂದಾಗ ಚೀಲಕ್ಕೆ ಎತ್ತಬೇಕು, ತಾಯಿಬೇರು ಮುರಿಯಬಾರದು, ಬೇರು ಒಣಗಬಾರದು. ಇದನ್ನು ನಾನು ಎರಡು ಸಲ ಹೇಳಿದೆ. ಸಂಘದಲ್ಲಿದ್ದ ಒಬ್ಬ ಅಜ್ಜಿ ‘ಹೊಗೆಸೊಪ್ಪಿನ ಸಸಿ ಎತ್ತಿದಂಗೆ’ ಅಂದರು. ಅಷ್ಟೇ, ಎಲ್ಲರಿಗೂ ಗೊತ್ತಾಗಿಹೋಯಿತು. ಚೀಲದಲ್ಲಿ ತೊಗರಿ ಜಾಸ್ತಿ ಎತ್ತರ ಹೋಗಿ ಗಂಧಕ್ಕೆ ನೆರಳು ಮಾಡಿದರೆ ಅದರ ಕುಡಿ ಚಿವುಟಬೇಕು. ಆ ಕುಡಿ ಮೇಕೆಗೆ ಹೋಗುತ್ತಿತ್ತು.

ಹೇಳಿಕೊಡಲು ಹೋದವಳು ಕೇಳಿಸಿಕೊಂಡು ಬಂದ ದಿನಗಳೂ ಬಹಳ. ಒಂದು ಸಭೆಯಲ್ಲಿ ಎಂಬತ್ತು ದಾಟಿದ ಯಜಮಾನರೊಬ್ಬರು ಹೇಳಿದರು, ‘ಗಂಧ ಯಾರೂ ನೆಡ್ತಿರಲಿಲ್ಲ ತಾಯಿ. ಬೇಲಿಲಿ ತಾನಾಗೇ ಹುಟ್ಟೋದು. ಬೆರಳುದ್ದ ಆದ ಕೂಡ್ಲೆ ನಾವೇ ಕಿತ್ತಾಕೋವು.’ ಯಾಕೆ ಅಂದರೆ ಭಯ. ಟಿಪ್ಪು ಸುಲ್ತಾನ್ 1792ರಲ್ಲಿ ರಾಜವೃಕ್ಷ ಅಂತ ಸಾರಿದಾಗಿನಿಂದ ಅದು ಆಳುವವರ ಮರ. ನಿಮ್ಮ ಜಮೀನಲ್ಲೇ ಹುಟ್ಟಿದರೂ ನಿಮ್ಮದಲ್ಲ, ಕಳುವಾದರೆ ಮಾತ್ರ ಉತ್ತರ ಹೇಳಬೇಕಾದವರು ನೀವು. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಜಮೀನಿನಲ್ಲಿರುವ ಗಂಧ ಜಮೀನಿನವರದ್ದೇ ಆಯಿತು. ಕಡಿಯಲು, ಸಾಗಿಸಲು ಇವತ್ತಿಗೂ ಅರಣ್ಯ ಇಲಾಖೆಯ ಅನುಮತಿ ಬೇಕು. ಆದ್ದರಿಂದ ಮೊದಲ ದಿನವೇ ಪಹಣಿಯಲ್ಲಿ ಮರಗಳನ್ನು ಬರೆಸಿ ಅಂತ ಹೇಳುತ್ತೇನೆ. ಕಾನೂನು ಬದಲಾದರೂ ಭಯ ಬೇಗ ಹೋಗಲ್ಲ. ಅದನ್ನು ಕೇಳಿಸಿಕೊಳ್ಳದೆ ಸಸಿಯ ಮಾತು ಎತ್ತಿದರೆ ಹಿರಿಯರು ಎದ್ದು ಹೋಗುತ್ತಾರೆ.

ಯಜಮಾನರ ಮಾತಿನಲ್ಲಿ ಇನ್ನೊಂದು ವಿಷಯ ಇತ್ತು. ಬೇಲಿಯಲ್ಲೇ ಯಾಕೆ ಹುಟ್ಟುತ್ತಿತ್ತು? ಕೋಗಿಲೆ, ಪಿಕಳಾರ ಹಣ್ಣು ತಿಂದು ಬಂದು ಕೂರುವುದು ಅಲ್ಲಿ. ಬೀಳುವ ಬೀಜಕ್ಕೆ ನೆರಳಿದೆ, ಹಿಡಿಯಲು ಹತ್ತು ಜಾತಿಯ ಬೇರಿದೆ. ಗಂಧ ಹೇಗೆ ಬೆಳೆಯಬೇಕು ಅನ್ನುವುದಕ್ಕೆ ಬೇಲಿಗಿಂತ ಒಳ್ಳೆಯ ಪ್ರಾತ್ಯಕ್ಷಿಕೆ ತಾಕು ಬೇಕಾ? ಈಗ ನಾನು ಯಾವ ಊರಿಗೆ ಹೋದರೂ ಮೊದಲು ಬೇಲಿ ಸುತ್ತುತ್ತೇನೆ, ಆಮೇಲೆ ಸಭೆ.

ಕಷ್ಟವಾಗುವುದು ದುಡ್ಡಿನ ಮಾತು ಬಂದಾಗ. ಒಬ್ಬ ಸಸಿ ಮಾರುವವನು ಒಂದು ಊರಿನಲ್ಲಿ ‘ಹತ್ತು ವರ್ಷಕ್ಕೆ ಎಕರೆಗೆ ಕೋಟಿಗಟ್ಟಲೆ’ ಅಂತ ಹಂಚಿದ್ದ ಕರಪತ್ರವನ್ನು ರೈತರೊಬ್ಬರು ನನ್ನ ಮುಂದೆ ಇಟ್ಟರು. ತೆಂಗಿನ ತೋಟ ತೆಗೆದು, ಸಾಲ ಮಾಡಿ ಗಂಧ ಹಾಕುವ ಯೋಚನೆಯಲ್ಲಿದ್ದರು. ನನಗೆ ಸಿಟ್ಟು ಬಂತು, ಆದರೆ ಸಿಟ್ಟಿನಿಂದ ಪ್ರಯೋಜನ ಇಲ್ಲ. ಪಕ್ಕದೂರಿನ ಹನ್ನೊಂದು ವರ್ಷದ ಗಂಧದ ತೋಟಕ್ಕೆ ಅವರನ್ನು ಕರೆದುಕೊಂಡು ಹೋದೆ. ಮಾಲೀಕರ ಒಪ್ಪಿಗೆ ತೆಗೆದುಕೊಂಡು ಮೂರು ಮರಕ್ಕೆ ಬೋರರ್, ಅಂದರೆ ಮರ ಕೊರೆಯುವ ಕೊಳವೆಯಂಥ ಸಲಕರಣೆ ಹಾಕಿ, ಪೆನ್ಸಿಲ್ಲಿಗಿಂತ ಸಣ್ಣ ಕಡ್ಡಿಯಂಥ ತುಂಡು ತೆಗೆದೆವು. ಒಂದರಲ್ಲಿ ಹೆಬ್ಬೆರಳಗಲ ಚೇಗು, ಅಂದರೆ ಮರದ ಒಳತಿರುಳು, ಕಂದು ಬಣ್ಣದಲ್ಲಿ ಕಂಡಿತು. ಮೂಗಿಗಿಟ್ಟರೆ ವಾಸನೆ ಘಮ್ ಅಂತು. ಇನ್ನೊಂದರಲ್ಲಿ ಬರೀ ಗೆರೆ. ಮೂರನೆಯದು ಪೂರ್ತಿ ಬಿಳಿ, ವಾಸನೆಯೇ ಇಲ್ಲ. ಮೂರೂ ಒಂದೇ ದಿನ ನೆಟ್ಟ ಮರಗಳು. ‘ಬೆಲೆ ಇರೋದು ಈ ಕಂದು ಭಾಗಕ್ಕೆ ಮಾತ್ರ’ ಅಂದೆ. ಅವರು ಮೂರು ಕಡ್ಡಿಗಳನ್ನೂ ಜೇಬಿಗೆ ಹಾಕಿಕೊಂಡರು. ತೆಂಗು ತೆಗೆಯಲಿಲ್ಲ. ಬದುವಿನ ಮೇಲೆ ಮಾತ್ರ ಗಂಧ ಹಾಕಿದರು.

ಕಳ್ಳತನದ ಬಗ್ಗೆಯೂ ಮುಚ್ಚಿಡದೆ ಹೇಳುತ್ತೇನೆ. ಮರ ಚೇಗು ಕಟ್ಟುವ ಹೊತ್ತಿಗೆ ಬೇಲಿ, ನಾಯಿ, ರಾತ್ರಿ ಕಾವಲು ಬೇಕೇ ಬೇಕು. ಮನೆಯಿಂದ ದೂರದ ಹೊಲವಾದರೆ ಬೇಡ ಅಂತಲೇ ಹೇಳಿದ್ದೇನೆ. ಸಸಿ ಹಂಚಿದ ಲೆಕ್ಕ ಕಡಿಮೆಯಾದರೂ ಚಿಂತೆ ಇಲ್ಲ.

ಆ ಮೊದಲ ಹೊಲಕ್ಕೆ ಮುಂಗಾರಿನಲ್ಲಿ ಮತ್ತೆ ಹೋದೆ. ಅವರು ಮಳೆ ಬಿದ್ದ ಕೂಡಲೇ ಪ್ರತಿ ಗಂಧದ ಪಕ್ಕ ತೊಗರಿ ಊರಿದ್ದರು, ನಡುವೆ ಸರ್ವೆ ನೆಟ್ಟಿದ್ದರು. ಒಂದಷ್ಟು ಸಸಿ ಸತ್ತುಹೋಗಿದ್ದವು. ಉಳಿದವು ಎರಡು ತಿಂಗಳಲ್ಲಿ ಹೊಸ ಕುಡಿ ಹಾಕಿದ್ದವು. ಜನವರಿಯಲ್ಲಿ ನಾವು ಅಗೆದ ಜಾಗದಲ್ಲಿ ಗುಂಡಿ ಮುಚ್ಚಿ ಅಮ್ಮ ಅವರೆ ಹಾಕಿದ್ದರು.

ಪಕ್ಕದ ಊರಿನಿಂದ ನಾಲ್ಕು ಜನ ನೋಡಲು ಬಂದಿದ್ದರು. ನಾನು ಗಾಡಿಯಿಂದ ಟಬ್ ಇಳಿಸಲು ಹೋದೆ. ‘ಬೇಡ ಬಿಡಿ ಮೇಡಂ’ ಅಂದರು ರೈತ. ಹಟ್ಟಿಯ ಪಕ್ಕ ಬಾಂಡ್ಲಿಯಲ್ಲಿ ನೀರು ತುಂಬಿಟ್ಟಿದ್ದರು. ಹೆಂಟೆ ಹಿಂದಿನ ದಿನವೇ ನೆನೆದಿತ್ತು. ಅಮ್ಮ ಅದನ್ನು ನೀರಿಗೆ ಇಳಿಸುತ್ತಾ, ಕೈ ಹಾಕಲು ಬಂದ ಹುಡುಗನಿಗೆ ಹೇಳುತ್ತಿದ್ದರು: ‘ಉಜ್ಜಬೇಡ ಕಣೋ, ಸುಮ್ನೆ ಬಿಡು. ಮಣ್ಣು ತಾನಾಗೇ ಬಿಡ್ತದೆ.’