ಪರದೇಶದಲ್ಲಿ ಕಾರು: ಬಾಡಿಗೆಯೋ, ಲೀಸೋ, ಸ್ವಂತವೋ?

ಭಟ್ಕಳ, ಮುರ್ಡೇಶ್ವರದ ಕಡೆಯವರಿಗೆ ದುಬೈ ಎಂದರೆ ಹುಬ್ಬಳ್ಳಿಯಷ್ಟೇ ಹತ್ತಿರ. ಹೋದವನ ಮೊದಲ ಸಂಬಳ ಮನೆಗೆ ಬರುತ್ತದೆ. ಎರಡನೆಯದರ ಹೊತ್ತಿಗೆ ಫೋನಿನಲ್ಲಿ ಪ್ರಶ್ನೆ ಶುರು: ‘ಕಾರು ತೆಗೆದುಕೊಳ್ಳಲೇ?’ ಎಂಟು ವರ್ಷ ಅಲ್ಲಿ ದುಡಿದು ಕುಮಟೆಗೆ ಮರಳಿದವನಾದ್ದರಿಂದ ಈ ಕರೆ ನನಗೂ ಆಗಾಗ ಬರುತ್ತದೆ. ನಾನು ತಿರುಗಿ ಕೇಳುವುದು ಒಂದೇ: ಅಲ್ಲಿ ಎಷ್ಟು ದಿನ ಇರುತ್ತೀಯ?

ಊರು ಬಿಡುವ ಮುನ್ನ

ಮೊದಲು ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಕಾರವಾರ, ಶಿರಸಿ, ಹೊನ್ನಾವರ, ಹೀಗೆ ನಿಮ್ಮ ವಿಳಾಸ ಯಾವ ಆರ್‌ಟಿಒಗೆ ಸೇರುತ್ತದೋ ಅಲ್ಲಿಗೆ ಪಾಸ್‌ಪೋರ್ಟ್, ಊರಿನ ಪರವಾನಗಿಯೊಂದಿಗೆ ಅರ್ಜಿ ಹಾಕಬೇಕು. ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ.

ಆದರೆ ಅದನ್ನೇ ನಂಬಿ ವರ್ಷವಿಡೀ ಓಡಿಸಬಹುದು ಎಂದುಕೊಳ್ಳಬೇಡಿ. ಯುಎಇಯಲ್ಲಿ ಪ್ರವಾಸಿಗೆ ಅದು ನಡೆಯುತ್ತದೆ; ವಾಸದ ವೀಸಾ ಕೈಗೆ ಬಂತೆಂದರೆ ಅಲ್ಲಿನದೇ ಪರವಾನಗಿ ಬೇಕು, ಅದಕ್ಕೆ ಪರೀಕ್ಷೆ ಪಾಸಾಗಬೇಕು. ಜರ್ಮನಿಯಲ್ಲಿ ಭಾರತದ ಪರವಾನಗಿಗೆ ಆರು ತಿಂಗಳ ಬೆಲೆ. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ: ವಾಸಕ್ಕೆ ನಿಂತ ಮೇಲೆ ಟೆಕ್ಸಾಸ್ 90 ದಿನ ಕೊಟ್ಟರೆ ಕ್ಯಾಲಿಫೋರ್ನಿಯಾ ಕೊಡುವುದು ಹತ್ತೇ ದಿನ. ಪರವಾನಗಿ ಇಲ್ಲದೆ ಅಪಘಾತವಾದರೆ ವಿಮೆ ಕೈಬಿಡುತ್ತದೆ. ದೇವಿಮನೆ ಘಾಟಿಯಲ್ಲಿ ಹತ್ತು ವರ್ಷ ಪಳಗಿದ ನನ್ನ ಎಡಗೈ ದುಬೈನ ಮೊದಲ ತರಗತಿಯಲ್ಲಿ ಗೇರ್ ಹುಡುಕಿ ಹುಡುಕಿ ಬಾಗಿಲಿಗೆ ಬಡಿಯಿತು. ಅಲ್ಲಿ ಸ್ಟೀರಿಂಗ್ ಎಡಕ್ಕೆ, ಗೇರ್ ಬಲಕ್ಕೆ! ಪರೀಕ್ಷೆ ಪಾಸಾಗುವವರೆಗೆ ಮೆಟ್ರೊ, ಬಸ್ಸು, ಟ್ಯಾಕ್ಸಿಯೇ ಗತಿ.

ಮೊದಲ ತಿಂಗಳುಗಳಿಗೆ ಬಾಡಿಗೆ

ಪರವಾನಗಿ ಸಿಕ್ಕಿದ ಕೂಡಲೇ ಷೋರೂಮಿಗೆ ಓಡಬೇಡಿ. ಪ್ರೊಬೇಷನ್ ಮುಗಿಯುವವರೆಗೆ ತಿಂಗಳ ಬಾಡಿಗೆಗೇ ಕಾರು ತೆಗೆದುಕೊಳ್ಳಿ. ವಿಮೆ, ನೋಂದಣಿ, ಸರ್ವಿಸ್ ಎಲ್ಲ ಅವರದು. ಪೆಟ್ರೋಲ್ ನಿಮ್ಮದು. ಟೋಲ್ ಕೂಡ ನಿಮ್ಮದೇ: ದುಬೈನ ಸಾಲಿಕ್ ಕಮಾನಿನ ಕೆಳಗೆ ದಟ್ಟಣೆಯ ಹೊತ್ತಿನಲ್ಲಿ ಒಮ್ಮೆ ಹಾದರೆ 6 ದಿರ್ಹಮ್. ಅದರ ಮೇಲೆ ಬಾಡಿಗೆಯವರ ಸೇವಾ ಶುಲ್ಕ ಎಷ್ಟೆಂದು ಮೊದಲೇ ಕೇಳಿ. ತಿಂಗಳಿಗೆ ಎಷ್ಟು ಕಿಲೋಮೀಟರ್, ಮೀರಿದರೆ ಕಿಲೋಮೀಟರಿಗೆ ಎಷ್ಟು ಎಂಬುದೂ ಒಪ್ಪಂದದಲ್ಲಿರುತ್ತದೆ.

ಕಾರು ಕೈಗೆ ಬಂದ ಕ್ಷಣ ಸುತ್ತ ನಡೆದು ವಿಡಿಯೊ ಮಾಡಿ, ನೆರಳಿನಲ್ಲಿ. ನಾನು ಮಟಮಟ ಮಧ್ಯಾಹ್ನ ಮಾಡಿದ್ದೆ. ಹಿಂದಿನ ಬಂಪರಿನ ಗೆರೆ ಬಿಸಿಲಿನ ಝಳಪಿನಲ್ಲಿ ಮುಚ್ಚಿಹೋಗಿತ್ತು. ಮರಳಿಸುವಾಗ ಆ ಗೆರೆ ನನ್ನದಾಯಿತು, ಠೇವಣಿಯ ಅರ್ಧ ಅವರದಾಯಿತು.

ಲೀಸ್ ಎಂಬ ಗೇಣಿ

ನಮ್ಮಲ್ಲಿ ಮನೆ ಲೀಸಿಗೆ ಹಾಕಿಕೊಳ್ಳುವುದೆಂದರೆ ಇಡಿಗಂಟು ಕೊಟ್ಟು, ಬಿಡುವಾಗ ಅಷ್ಟನ್ನೂ ವಾಪಸ್ ಪಡೆಯುವುದು. ಕಾರಿನ ಲೀಸ್ ಅದಲ್ಲ: ತಿಂಗಳು ತಿಂಗಳು ಕಂತು, ಕರಾರು ಮುಗಿದಾಗ ಕಾರು ವಾಪಸ್. ಅದು ನಮ್ಮ ಅಜ್ಜಂದಿರ ಕಾಲದ ಗೇಣಿಯ ಹಾಗೆ: ಬೆಳೆ ಬರಲಿ ಬಿಡಲಿ, ಗೇಣಿ ಅಳೆಯಲೇಬೇಕು. 1974ರ ಕಾನೂನು ಉಳುವವನನ್ನು ಒಡೆಯನನ್ನಾಗಿ ಮಾಡಿತು. ಕಾರಿನ ಗೇಣಿದಾರನಿಗೆ ಆ ಭಾಗ್ಯ ಇಲ್ಲ. ಶಿರಸಿ ಕಡೆಯಿಂದ ಅಮೆರಿಕಕ್ಕೆ ಹೋಗುವ ಹುಡುಗರಿಗೆ ಇದು ಹೆಚ್ಚು ಎದುರಾಗುತ್ತದೆ. ಅಲ್ಲಿ ಸಾಮಾನ್ಯವಾಗಿ 36 ತಿಂಗಳ ಕರಾರು, ವರ್ಷಕ್ಕೆ 10ರಿಂದ 12 ಸಾವಿರ ಮೈಲಿಯ ಮಿತಿ. ಹೊಸಬನಿಗೆ ಸಾಲದ ಚರಿತ್ರೆಯೇ ಇಲ್ಲದ್ದರಿಂದ ದರವೂ ಏರುತ್ತದೆ. ನಡುವೆ ಕೆಲಸ ಹೋದರೆ ಬಿಡುಗಡೆಯ ದಂಡ ಭಾರಿ. ಕಂಪನಿಯೇ ಕಂತು ಕಟ್ಟುವುದಾದರೆ ಸರಿ. ಇಲ್ಲವಾದರೆ ನನಗೇನೋ ಲೀಸ್ ಹಿಡಿಸಿಲ್ಲ.

ಕೊಳ್ಳುವ ಮುನ್ನ ಕಾಗದ, ಪೆನ್ನು

ಯುಎಇಯಲ್ಲಿ ಬ್ಯಾಂಕು ಕಾರಿನ ಬೆಲೆಯ 80 ಶೇಕಡಕ್ಕಿಂತ ಹೆಚ್ಚು ಸಾಲ ಕೊಡುವಂತಿಲ್ಲ, 60 ತಿಂಗಳು ಮೀರುವಂತಿಲ್ಲ. ಲೆಕ್ಕಕ್ಕೆಂದು 60,000 ದಿರ್ಹಮ್ ಕಾರು ಹಿಡಿಯೋಣ. ಕೈಯಿಂದ 12,000, ಸಾಲ 48,000. ‘3 ಶೇಕಡ ಫ್ಲಾಟ್’ ಎಂದರೆ ಅಸಲು ಕರಗುತ್ತ ಬಂದರೂ ಪ್ರತಿ ವರ್ಷ ಪೂರ್ತಿ 48,000ದ ಮೇಲೇ ಬಡ್ಡಿ: ಐದು ವರ್ಷಕ್ಕೆ 7,200, ತಿಂಗಳ ಕಂತು 920. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಈ ಬಡ್ಡಿ ಸುಮಾರು 5.6 ಶೇಕಡ, ಜಾಹೀರಾತಿನ ಮೂರಕ್ಕೆ ಮರುಳಾಗಬೇಡಿ.

ಅಂಥದೇ ಕಾರಿನ ಬಾಡಿಗೆ 1,500 ಇದ್ದರೆ 920 ಅಗ್ಗ ಎನಿಸುತ್ತದೆ. ಈಗ ಹದಿನಾಲ್ಕನೇ ತಿಂಗಳಲ್ಲಿ ಊರಿಗೆ ಮರಳಬೇಕಾಯಿತು ಎನ್ನಿ. ಅಷ್ಟರಲ್ಲಿ ನೀವು ಕಟ್ಟಿದ್ದು 24,880. ಕಾರು 45,000ಕ್ಕೆ ಹೋಗುತ್ತದೆ, ಬ್ಯಾಂಕಿನ ಬಾಕಿ ಸುಮಾರು 38,000, ಕೈಗೆ ಬರುವುದು 7,000. ವಿಮೆ, ನೋಂದಣಿ, ಸರ್ವಿಸಿಗೆ 4,500 ಸೇರಿಸಿ ಹಂಚಿದರೆ ತಿಂಗಳಿಗೆ 1,600 ಬಿತ್ತು. ಅವಧಿಗೆ ಮುನ್ನ ಸಾಲ ತೀರಿಸುವ ಶುಲ್ಕ ಬೇರೆ. ಅದೇ ಕಾರನ್ನು ನಾಲ್ಕು ವರ್ಷ ಇಟ್ಟುಕೊಂಡು 25,000ಕ್ಕೆ ಮಾರಿ ಬ್ಯಾಂಕಿನ ಬಾಕಿ ತೀರಿಸಿದರೆ, ವರ್ಷದ ಖರ್ಚು 4,000ದಂತೆ ಹಿಡಿದರೂ, ತಿಂಗಳಿಗೆ 1,200ರ ಆಸುಪಾಸು. ‘ಎಷ್ಟು ದಿನ ಇರುತ್ತೀಯ’ ಎಂದು ಕೇಳುವುದು ಇದಕ್ಕೇ. ಎರಡು ವರ್ಷದ ಭರವಸೆ ಇಲ್ಲದವನು ಕೊಳ್ಳುವುದೇ ಆದರೆ, ಸಾಲವಿಲ್ಲದೆ ಸಿಗುವ ಹಳೆಯ ಕಾರು ಕೊಳ್ಳಲಿ. ಬ್ಯಾಟರಿ, ಟೈರುಗಳನ್ನು ಮೊದಲು ನೋಡಲಿ. ನಮ್ಮ ಕರಾವಳಿಯಲ್ಲಿ ಕಾರನ್ನು ತಿನ್ನುವುದು ಉಪ್ಪುಗಾಳಿಯ ತುಕ್ಕು, ಅಲ್ಲಿ ಅವೆರಡನ್ನು ತಿನ್ನುವುದು ಬೇಸಿಗೆಯ ಕಾವು.

ಬಿಟ್ಟುಬರುವಾಗ

ಕಾರನ್ನು ಊರಿಗೇ ತರುವ ಆಸೆ ಬೇಡ. ಬಲಬದಿಯ ಸ್ಟೀರಿಂಗ್ ಇಲ್ಲದ ಹಳೆಯ ಕಾರನ್ನು ಭಾರತ ಆಮದಿಗೆ ಬಿಡುವುದಿಲ್ಲ. ವಿಮಾನದ ದಿನಕ್ಕೆ ಒಂದು ತಿಂಗಳು ಮೊದಲೇ ಮಾರಾಟಕ್ಕಿಡಿ. ಕೊನೆಯ ವಾರದಲ್ಲಿ ಮಾರುವವನ ಅವಸರ ಕೊಳ್ಳುವವನ ಮೂಗಿಗೆ ಬಡಿಯುತ್ತದೆ. ಬ್ಯಾಂಕಿನ ಋಣಮುಕ್ತ ಪತ್ರ ತೆಗೆದುಕೊಳ್ಳಿ, ಸಂಚಾರ ದಂಡ ಕಟ್ಟಿ, ಹೆಸರು ವರ್ಗಾವಣೆಯಾದದ್ದನ್ನು ಕಣ್ಣಾರೆ ನೋಡಿ. ‘ನೀನು ಹೊರಡು, ಉಳಿದದ್ದು ನಾನು ಮಾಡಿಸುತ್ತೇನೆ’ ಎನ್ನುವ ರೂಮ್‌ಮೇಟ್ ಎಷ್ಟೇ ಒಳ್ಳೆಯವನಿರಲಿ, ಕೀಲಿ ಕೊಟ್ಟು ಬರಬೇಡಿ. ಅವನು ಹೊಡೆಸಿಕೊಂಡ ದಂಡವೆಲ್ಲ ನಿಮ್ಮ ಹೆಸರಿನಲ್ಲೇ ಬೀಳುತ್ತದೆ.