ಕಡಿಮೆ ದುಡ್ಡಿಗೆ ಇ-ಬುಕ್ ರೀಡರ್: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಇ-ಬುಕ್ ರೀಡರ್‌ಗಳನ್ನು ಸಾಲಾಗಿ ಇಟ್ಟು ನೋಡಿದರೆ ಎಲ್ಲವೂ ಒಂದೇ ಥರ: ಆರು ಇಂಚಿನ ಬೂದು ಪರದೆ, ಕಪ್ಪು ಚೌಕಟ್ಟು, ‘ವಾರಗಟ್ಟಲೆ ಬ್ಯಾಟರಿ’ ಎಂಬ ಬರಹ. ಹಾಗಾಗಿ ಹೆಚ್ಚಿನವರು ಬೆಲೆ ನೋಡಿ ಎತ್ತಿಕೊಳ್ಳುತ್ತಾರೆ. ತಿಂಗಳು ಕಳೆದ ಮೇಲೆ, ತಮಗೆ ಬೇಕಾದ ಪುಸ್ತಕ ಅದರಲ್ಲಿ ತೆರೆಯುವುದೇ ಇಲ್ಲ ಎಂದು ಗೊತ್ತಾಗುತ್ತದೆ. ಯಂತ್ರದ ಆಯ್ಕೆ ಶುರುವಾಗಬೇಕಾದ್ದು ಪುಸ್ತಕದ ಕಡೆಯಿಂದ.

1. ಹತ್ತು ಪುಸ್ತಕದ ಪಟ್ಟಿ ಮಾಡಿ

ಮುಂದಿನ ಕೆಲವು ತಿಂಗಳಲ್ಲಿ ನಿಜವಾಗಿಯೂ ಓದಬೇಕೆಂದಿರುವ ಹತ್ತು ಪುಸ್ತಕಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಎದುರು ಎರಡು ವಿಷಯ ಗುರುತು ಹಾಕಿ: ಎಲ್ಲಿ ಸಿಗುತ್ತದೆ, ಯಾವ ರೂಪದಲ್ಲಿ ಸಿಗುತ್ತದೆ. ಅಮೆಜಾನ್ ಮಳಿಗೆಯೇ, ಇಪಬ್ (ಹೆಚ್ಚಿನ ಇ-ಬುಕ್ ಮಳಿಗೆಗಳು ಬಳಸುವ ಫೈಲ್ ರೂಪ) ಮಾರುವ ಬೇರೆ ಮಳಿಗೆಯೇ, ಗ್ರಂಥಾಲಯದ ಎರವಲೇ, ಪ್ರಕಾಶಕರ ಸ್ವಂತ ಆ್ಯಪ್ ಮಾತ್ರವೇ, ಇಲ್ಲಾ ಈಗಾಗಲೇ ನಿಮ್ಮ ಬಳಿ ಇರುವ ಪಿಡಿಎಫ್‌ಗಳೇ? ಅರ್ಧ ಗಂಟೆಯ ಈ ಕೆಲಸ ಮುಗಿದರೆ ಆಯ್ಕೆ ಮುಕ್ಕಾಲು ಪಾಲು ಮುಗಿದ ಹಾಗೆ.

ಏಳೆಂಟು ಪುಸ್ತಕ ಅಮೆಜಾನ್‌ನಲ್ಲೇ ಇದ್ದರೆ ಅದರದೇ ರೀಡರ್ ಆದ ಕಿಂಡಲ್ ಸಾಕು. ಇಪಬ್ ಮತ್ತು ಗ್ರಂಥಾಲಯದ ಪುಸ್ತಕ ಹೆಚ್ಚಿದ್ದರೆ ಕೋಬೊ ಅಥವಾ ಪಾಕೆಟ್‌ಬುಕ್ ಕಂಪನಿಯ ರೀಡರ್. ಪಟ್ಟಿಯ ಬಹುಪಾಲು ಯಾವುದೋ ಆ್ಯಪ್‌ನೊಳಗೆ ಮಾತ್ರ ಸಿಗುವಂಥದ್ದಾದರೆ ಆಂಡ್ರಾಯ್ಡ್ ಮೇಲೆ ನಡೆಯುವ ಓನಿಕ್ಸ್ ಬೂಕ್ಸ್ ಥರದ ಯಂತ್ರ ಬೇಕಾಗುತ್ತದೆ. ಆದರೆ ಅಂಥವು ಫೋನಿಗಾಗಿ ಮಾಡಿದ ಆ್ಯಪ್‌ಗಳನ್ನು ನಿಧಾನದ ಪರದೆಯ ಮೇಲೆ ಓಡಿಸುತ್ತವೆ. ಕೆಳಕ್ಕೆ ಸರಿಸಿದಂತೆಲ್ಲ ಅಕ್ಷರದ ನೆರಳು ಉಳಿಯುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಬಣ್ಣದ ಪಠ್ಯಪುಸ್ತಕ, ಚಿತ್ರಕಥೆಗಳೇ ಪಟ್ಟಿಯಲ್ಲಿ ತುಂಬಿದ್ದರೆ ಇ-ರೀಡರ್ ಬಿಟ್ಟುಬಿಡಿ, ಅದೇ ದುಡ್ಡಿಗೆ ಸಾಧಾರಣ ಟ್ಯಾಬ್ಲೆಟ್ ಹೆಚ್ಚು ಕೆಲಸಕ್ಕೆ ಬರುತ್ತದೆ.

2. ಬೀಗ ಎಲ್ಲಿದೆ ನೋಡಿ

ಮಳಿಗೆಯಲ್ಲಿ ಕೊಂಡ ಬಹಳಷ್ಟು ಪುಸ್ತಕಗಳಿಗೆ ಡಿಆರ್‌ಎಂ ಎಂಬ ಬೀಗ ಇರುತ್ತದೆ. ಬೀಗವಿರುವ ಕಿಂಡಲ್ ಪುಸ್ತಕ ಕೋಬೊದಲ್ಲಿ ತೆರೆಯುವುದಿಲ್ಲ, ಕೋಬೊದ್ದು ಕಿಂಡಲ್‌ನಲ್ಲಿ ತೆರೆಯುವುದಿಲ್ಲ. ಮೊದಲೆಲ್ಲ ಕೊಂಡ ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ಮೂಲಕ ಯಂತ್ರಕ್ಕೆ ಹಾಕುವ ಸೌಲಭ್ಯ ಇತ್ತು. ಅದನ್ನು ಅಮೆಜಾನ್ 2025ರ ಫೆಬ್ರುವರಿ 26ರಿಂದ ನಿಲ್ಲಿಸಿತು. ಹಳೆಯ ಲೇಖನಗಳನ್ನು ಓದಿ ಆ ದಾರಿಯನ್ನೇ ನಂಬಿಕೊಂಡು ಕಿಂಡಲ್ ಕೊಳ್ಳಬೇಡಿ.

ಕಿಂಡಲ್‌ನಲ್ಲಿ ಇಪಬ್ ನಡೆಯುವುದೇ ಇಲ್ಲ ಎಂಬ ಮಾತು ಅರ್ಧ ನಿಜ. ಯುಎಸ್‌ಬಿ ಹಾಕಿ ಇಪಬ್ ಕಾಪಿ ಮಾಡಿದರೆ ಯಂತ್ರದ ಪಟ್ಟಿಯಲ್ಲಿ ಅದು ಕಾಣಿಸುವುದಿಲ್ಲ. ಆದರೆ ಅಮೆಜಾನ್‌ನ ‘ಸೆಂಡ್ ಟು ಕಿಂಡಲ್’ ಸೇವೆಯ ಮೂಲಕ ಬೀಗವಿಲ್ಲದ ಇಪಬ್ ಕಳಿಸಿದರೆ 2022ರಿಂದೀಚೆಗೆ ಅಮೆಜಾನ್ ಅದನ್ನು ತನ್ನ ರೂಪಕ್ಕೆ ಬದಲಿಸಿ ಯಂತ್ರಕ್ಕೆ ಇಳಿಸುತ್ತದೆ. ಬ್ರೌಸರ್‌ನಿಂದ ಕಳಿಸುವುದಾದರೆ ಫೈಲ್ 200 ಎಂಬಿ ಮೀರಬಾರದು. ಇಮೇಲ್‌ನಲ್ಲಿ ಮಿತಿ ಇನ್ನೂ ಕಡಿಮೆ. ಇದಕ್ಕೆ ಇಂಟರ್ನೆಟ್ ಬೇಕು. ಇಂಟರ್ನೆಟ್ ಇಲ್ಲದೆ ಕೆಲಸವಾಗಬೇಕೆಂದರೆ ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶದಲ್ಲಿ ಇಪಬ್ ಅನ್ನು ಕಿಂಡಲ್‌ನ ಎಝಡ್‌ಡಬ್ಲ್ಯು3 ರೂಪಕ್ಕೆ ಬದಲಿಸಿ ಯುಎಸ್‌ಬಿಯಲ್ಲಿ ಹಾಕಬಹುದು. ಕೋಬೊ, ಪಾಕೆಟ್‌ಬುಕ್‌ಗಳಿಗೆ ಈ ಯಾವ ಸರ್ಕಸ್ಸೂ ಬೇಡ: ಕೇಬಲ್ ಹಾಕಿ, ಇಪಬ್ ಎಳೆದು ಬಿಡಿ, ಮುಗಿಯಿತು.

ಗ್ರಂಥಾಲಯದ ಎರವಲು ಸೇವೆ ದೇಶದಿಂದ ದೇಶಕ್ಕೆ ಬೇರೆ. ನಿಮ್ಮ ಗ್ರಂಥಾಲಯ ಯಾವ ಆ್ಯಪ್ ಬಳಸುತ್ತದೆ, ಅದು ನೀವು ನೋಡಿರುವ ಮಾದರಿಯಲ್ಲಿ ನಡೆಯುತ್ತದೆಯೇ ಎಂದು ಗ್ರಂಥಾಲಯದವರನ್ನೇ ಕೇಳಿ. ಪೆಟ್ಟಿಗೆಯ ಮೇಲಿನ ಚಿತ್ರ ನಂಬಬೇಡಿ.

3. ಕನ್ನಡ ಓದುವವರು ಮಾಡಲೇಬೇಕಾದ ಪರೀಕ್ಷೆ

ಇಂಗ್ಲಿಷಿಗೆ ಮಾತ್ರ ಬೇಕಾದವರು ಈ ಭಾಗ ಹಾರಿಸಬಹುದು. ಕನ್ನಡ ಓದುವವರಿಗೆ ಮಾತ್ರ ಇದು ಪರದೆಯ ಗಾತ್ರಕ್ಕಿಂತ ಮುಖ್ಯ. ಕನ್ನಡ ಸರಿಯಾಗಿ ಕಾಣಬೇಕಾದರೆ ಎರಡು ಬೇಕು: ಯುನಿಕೋಡ್ ಕನ್ನಡ ಫಾಂಟ್, ಮತ್ತು ಒತ್ತಕ್ಷರ–ಗುಣಿತಗಳನ್ನು ಜೋಡಿಸುವ ತಂತ್ರಾಂಶ. ಫಾಂಟ್ ಇಲ್ಲದಿದ್ದರೆ ಖಾಲಿ ಚೌಕಗಳು ಕಾಣುತ್ತವೆ. ಫಾಂಟ್ ಇದ್ದು ಜೋಡಣೆ ಇಲ್ಲದಿದ್ದರೆ ಒತ್ತು ಕೆಳಗೆ ಕೂರುವ ಬದಲು ಪಕ್ಕಕ್ಕೆ ಬಿದ್ದಿರುತ್ತದೆ, ಅರ್ಕಾವೊತ್ತು ಜಾಗ ತಪ್ಪುತ್ತದೆ, ಹಲಂತ ಬಿಡಿಬಿಡಿಯಾಗಿ ನಿಲ್ಲುತ್ತದೆ.

ಪರೀಕ್ಷೆಗೆ ಒಂದು ಚಿಕ್ಕ ಫೈಲ್ ಸಾಕು. ‘ಸ್ತ್ರೀ, ಲಕ್ಷ್ಮಿ, ರಾಷ್ಟ್ರ, ಅರ್ಥ, ಜ್ಞಾನ, ಕೈ, ಹೋಗೋಣ’ ಎಂದು ಟೈಪ್ ಮಾಡಿ, ಕ್ಯಾಲಿಬರ್‌ನಲ್ಲಿ ಇಪಬ್ ಮಾಡಿ, ಯಂತ್ರದಲ್ಲಿ ತೆರೆಯಿರಿ (ಕಿಂಡಲ್ ಆದರೆ ಮೇಲೆ ಹೇಳಿದ ದಾರಿಯಲ್ಲಿ ಹಾಕಿ). ಏಳೂ ಪದ ಸರಿಯಾಗಿ ಬಂದರೆ ಕಾದಂಬರಿಯೂ ಸರಿಯಾಗಿ ಬರುತ್ತದೆ. ತಪ್ಪಿದರೆ ಮೊದಲು ನೋಟೊ ಸೆರಿಫ್ ಕನ್ನಡದಂಥ ಉಚಿತ ಯುನಿಕೋಡ್ ಫಾಂಟನ್ನು ಯಂತ್ರದ ‘ಫಾಂಟ್ಸ್’ ಫೋಲ್ಡರಿಗೆ ಹಾಕಿ ನೋಡಿ. ಕಿಂಡಲ್, ಕೋಬೊ ಎರಡರಲ್ಲೂ ಇದಕ್ಕೆ ಅವಕಾಶ ಇದೆ. ಹಾಕಿದ ಮೇಲೆ ಪುಸ್ತಕದೊಳಗಿನ ಅಕ್ಷರ ಮೆನುವಿನಲ್ಲಿ ಅದನ್ನು ಆರಿಸಿಕೊಳ್ಳಬೇಕು. ಅನೇಕರು ಈ ಕೊನೆಯ ಹೆಜ್ಜೆ ಮರೆತು, ಯಂತ್ರ ಸರಿಯಿಲ್ಲ ಅನ್ನುತ್ತಾರೆ.

ಕೋಬೊದಲ್ಲಿ ಇನ್ನೊಂದು ದಾರಿ ಇದೆ. ಸಾಮಾನ್ಯ ಇಪಬ್ ಮತ್ತು ಕೋಬೊದ ಸ್ವಂತ ಕೆಪಬ್ ಎರಡನ್ನೂ ಅದು ಬೇರೆ ಬೇರೆ ತಂತ್ರಾಂಶದಿಂದ ತೋರಿಸುತ್ತದೆ. ಹಾಗಾಗಿ ಒಂದು ರೂಪದಲ್ಲಿ ಕೆಟ್ಟು ಕಂಡದ್ದನ್ನು ಇನ್ನೊಂದಕ್ಕೆ ಬದಲಿಸಿ ನೋಡುವುದು ಒಳ್ಳೆಯದು. ಅದೂ ಆಗದಿದ್ದರೆ ಕೆಓರೀಡರ್ ಎಂಬ ಉಚಿತ ಓದುಗ ತಂತ್ರಾಂಶ ಹಾಕಬಹುದು, ಅದರಲ್ಲಿ ಭಾರತೀಯ ಲಿಪಿಗಳ ಜೋಡಣೆ ಇದೆ. ಕೋಬೊ, ಪಾಕೆಟ್‌ಬುಕ್, ಆಂಡ್ರಾಯ್ಡ್ ಯಂತ್ರಗಳಲ್ಲಿ ಇದನ್ನು ಹಾಕುವುದು ಕಷ್ಟವಲ್ಲ. ಕಿಂಡಲ್‌ನಲ್ಲಿ ಮೊದಲು ಯಂತ್ರದ ತಂತ್ರಾಂಶದ ಬೀಗ ಮುರಿಯಬೇಕು (ಜೈಲ್‌ಬ್ರೇಕ್). ಹೊಸಬರು ಅದಕ್ಕೆ ಕೈಹಾಕದಿರುವುದು ಕ್ಷೇಮ.

‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ (ಯುನಿಕೋಡ್‌ಗೆ ಮುಂಚಿನವು, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದವು) ಮಾಡಿದ ಪಿಡಿಎಫ್‌ಗಳದು ಬೇರೆಯೇ ಕಥೆ. ಪಿಡಿಎಫ್ ಆಗಿ ತೆರೆದರೆ ಚೆಂದವಾಗಿ ಕಾಣುತ್ತವೆ, ಏಕೆಂದರೆ ಫಾಂಟ್ ಅದರೊಳಗೇ ಇರುತ್ತದೆ. ಇಪಬ್‌ಗೆ ಬದಲಿಸಿದ ಕೂಡಲೇ ಪುಟ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬರುತ್ತವೆ. ಯಂತ್ರದ ತಪ್ಪಲ್ಲ. ಪಠ್ಯವನ್ನು ಆಸ್ಕಿಯಿಂದ ಯುನಿಕೋಡ್‌ಗೆ ಪರಿವರ್ತಿಸಿ ಆಮೇಲೆ ಇಪಬ್ ಮಾಡಬೇಕು.

4. ಪರದೆ: ಇಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ

ಮೊದಲು ಅದು ಇ-ಇಂಕ್ ಪರದೆಯೇ ಎಂದು ಖಚಿತ ಮಾಡಿಕೊಳ್ಳಿ. ತೀರಾ ಅಗ್ಗದ ಕೆಲವು ‘ಇ-ರೀಡರ್’ಗಳಲ್ಲಿ ಇರುವುದು ಫೋನ್, ಟಿವಿಗಳಲ್ಲಿರುವಂಥ ಸಾದಾ ಟಿಎಫ್‌ಟಿ ಅಥವಾ ಎಲ್‌ಸಿಡಿ ಪರದೆ. ವಿವರಣೆಯಲ್ಲಿ ವಿಡಿಯೊ ನೋಡಬಹುದು ಎಂದಿದ್ದರೆ, ಬ್ಯಾಟರಿಯನ್ನು ವಾರದ ಬದಲು ಗಂಟೆಗಳಲ್ಲಿ ಹೇಳಿದ್ದರೆ ಅನುಮಾನಪಡಿ. ಇ-ಇಂಕ್‌ನಲ್ಲಿ ಕಪ್ಪು–ಬಿಳಿ ಕಣಗಳು ಮೇಲೆ ಕೆಳಗೆ ಸರಿದು ಅಕ್ಷರ ಮೂಡುತ್ತದೆ. ಪುಟ ತಿರುಗಿಸುವಾಗ ಮಾತ್ರ ಪರದೆಗೆ ವಿದ್ಯುತ್ ಬೇಕು.

ಆಮೇಲೆ ನೋಡಬೇಕಾದ್ದು ಪಿಪಿಐ, ಅಂದರೆ ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ. ಆರು ಇಂಚಿನಲ್ಲಿ 800×600 ಎಂದಿದ್ದರೆ 167 ಪಿಪಿಐ, 1024×758 ಆದರೆ 212, 1448×1072 ಆದರೆ 300. ಇಂಗ್ಲಿಷ್ ಕಾದಂಬರಿಗೆ 212 ಸಾಕು. ಕನ್ನಡಕ್ಕೆ 300 ತೆಗೆದುಕೊಳ್ಳಿ: ಒತ್ತಕ್ಷರಗಳು ಮುಖ್ಯ ಅಕ್ಷರಕ್ಕಿಂತ ಚಿಕ್ಕವು, 167ರಲ್ಲಿ ‘ಷ್ಟ್ರ’ದಂಥ ಜೋಡಿ ಮಸಿ ಚೆಲ್ಲಿದ ಹಾಗೆ ಕಾಣುತ್ತದೆ. ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ಆದರೆ ಆಗ ಆರು ಇಂಚಿನ ಪುಟದಲ್ಲಿ ಕೆಲವೇ ಸಾಲು ಉಳಿಯುತ್ತವೆ. 2022ರಿಂದ ಕಿಂಡಲ್‌ನ ಮೂಲ ಮಾದರಿಯಲ್ಲೂ 300 ಪಿಪಿಐ ಇದೆ, ಆದ್ದರಿಂದ 2019ರ 167 ಪಿಪಿಐ ಮಾದರಿಯನ್ನು ರಿಯಾಯಿತಿ ಎಂದು ಕೊಳ್ಳುವುದು ಜಾಣತನವಲ್ಲ.

ಬಣ್ಣದ ಪರದೆ ಈ ಬಜೆಟ್ಟಿಗೆ ಬೇಡ. ಕೆಲೈಡೊ 3 ಎಂಬ ಬಣ್ಣದ ಇ-ಇಂಕ್ ಪರದೆಯಲ್ಲಿ ಕಪ್ಪು–ಬಿಳಿ 300 ಪಿಪಿಐ, ಬಣ್ಣ ಮಾತ್ರ 150. ಅಕ್ಷರದ ಮೇಲೆ ಬಣ್ಣದ ಸೋಸುಪದರ ಕೂರುವುದರಿಂದ ಹಿನ್ನೆಲೆ ಮಂಕಾಗಿ, ದೀಪ ಹೆಚ್ಚು ಹೊತ್ತು ಉರಿಸಬೇಕಾಗುತ್ತದೆ.

5. ಪಿಡಿಎಫ್ ಓದುವವರಿಗೆ ಒಂದು ಲೆಕ್ಕ

ಆರು ಇಂಚಿನ ಪರದೆಯ ಅಗಲ ಸುಮಾರು 9 ಸೆಂ.ಮೀ., ಎತ್ತರ 12. ಎ4 ಪುಟದ ಅಗಲ 21. ಇಡೀ ಪುಟ ಹೊಂದಿಸಿದರೆ 12 ಪಾಯಿಂಟಿನ ಅಕ್ಷರ 5 ಪಾಯಿಂಟಿಗೆ ಇಳಿಯುತ್ತದೆ, ಔಷಧದ ಡಬ್ಬಿಯ ಒಳಚೀಟಿಗಿಂತ ಸಣ್ಣದು. ಎರಡೂ ಬದಿಯ ಅಂಚು ಕತ್ತರಿಸಿದರೆ ಸುಮಾರು 7. ಅಂಚು ಕತ್ತರಿಸಿ ಯಂತ್ರವನ್ನು ಅಡ್ಡ ಹಿಡಿದರೆ 9, ಇದು ಓದಬಹುದಾದ ಗಾತ್ರ. ಆದರೆ ಒಂದು ಪುಟಕ್ಕೆ ಎರಡು ಮೂರು ಸಲ ಮುಂದಕ್ಕೆ ಒತ್ತಬೇಕು. ಸ್ಕ್ಯಾನ್ ಮಾಡಿದ ಪುಸ್ತಕಗಳಿಗೆ ಕೆ2ಪಿಡಿಎಫ್‌ಆಪ್ಟ್ ಎಂಬ ಉಚಿತ ಸಾಧನ ಪುಟವನ್ನು ಚಿತ್ರವಾಗಿಯೇ ಸಾಲುಸಾಲಾಗಿ ಕತ್ತರಿಸಿ ಚಿಕ್ಕ ಪರದೆಗೆ ಮರುಜೋಡಿಸುತ್ತದೆ. ಚಿತ್ರವಾಗಿ ನೋಡುವುದರಿಂದ ಯಾವ ಲಿಪಿಯಾದರೂ ನಡೆಯುತ್ತದೆ. ಕೋಷ್ಟಕ, ಗಣಿತದ ಸೂತ್ರ ಇರುವ ಪುಟಗಳಲ್ಲಿ ಮಾತ್ರ ಎಡವುತ್ತದೆ. ನಿಮ್ಮ ಹತ್ತು ಪುಸ್ತಕದ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಎ4 ಪಿಡಿಎಫ್‌ಗಳಿದ್ದರೆ ಆರು ಇಂಚು ಬಿಟ್ಟು, ದುಡ್ಡು ಕೂಡಿಸಿ ಹತ್ತು ಇಂಚಿನ ಯಂತ್ರಕ್ಕೆ ಕಾಯುವುದೇ ಮೇಲು.

6. ಯಾವುದಕ್ಕೆ ಹೆಚ್ಚು ಕೊಡಬಾರದು

ಸಂಗ್ರಹ ಜಾಗ: ಬರೀ ಅಕ್ಷರಗಳ ಕಾದಂಬರಿ ಹೆಚ್ಚೆಂದರೆ ಒಂದೆರಡು ಎಂಬಿ. 8 ಜಿಬಿಯಲ್ಲಿ ವ್ಯವಸ್ಥೆಗೆ ಹೋಗಿ ಉಳಿದದ್ದರಲ್ಲೇ ಸಾವಿರಾರು ಪುಸ್ತಕ ಹಿಡಿಯುತ್ತವೆ. ಆಡಿಯೊ ಪುಸ್ತಕ, ಚಿತ್ರಕಥೆ ಇದ್ದರೆ ಮಾತ್ರ 16ರ ಮಾತು. ನೀರು ತಡೆಯುವ ಐಪಿಎಕ್ಸ್8 ಗುಣಕ್ಕೆಂದೇ ಹೆಚ್ಚು ಕೊಡಬೇಡಿ, ಜೊತೆಗೆ ಬಂದರೆ ಬರಲಿ. ಕೋಬೊ ಕ್ಲಾರಾ ಬಿಡಬ್ಲ್ಯುನಲ್ಲಿ ಅದೂ ಇದೆ, ಹಳದಿ ಬೆಳಕೂ ಇದೆ. ಅದೇ ಗಾತ್ರದ, ಅಷ್ಟೇ ಪಿಪಿಐಯ ಮೂಲ ಕಿಂಡಲ್‌ನಲ್ಲಿ ಎರಡೂ ಇಲ್ಲ. ರಾತ್ರಿ ದೀಪ ಆರಿಸಿ ಓದುವವರಿಗೆ ಹಳದಿ ಬೆಳಕು ಹಿತ. ಹಗಲು ಓದುವವರು ಅದನ್ನು ಮುಟ್ಟುವುದೂ ಅಪರೂಪ.

ಬ್ಯಾಟರಿಯ ಮಾತನ್ನು ಗಂಟೆಗೆ ಇಳಿಸಿ ನೋಡಿ. ‘ಆರು ವಾರ’ ಎಂಬುದರ ಕೆಳಗೆ ಸಣ್ಣಕ್ಷರದಲ್ಲಿ ದಿನಕ್ಕೆ ಅರ್ಧ ಗಂಟೆ, ವೈಫೈ ಬಂದ್, ಬೆಳಕು ಮಧ್ಯಮ ಎಂದಿರುತ್ತದೆ. ಒಟ್ಟು 21 ಗಂಟೆ. ದಿನಕ್ಕೆ ಎರಡು ಗಂಟೆ ಓದಿದರೆ ಹತ್ತು ದಿನ. ಕೆಟ್ಟದ್ದೇನಲ್ಲ, ಆದರೆ ಎರಡು ಮಾದರಿಗಳನ್ನು ಹೋಲಿಸುವಾಗ ವಾರಗಳನ್ನು ಎಣಿಸಬೇಡಿ.

7. ಕವರನ್ನೂ ಸೇರಿಸಿ ಬೆಲೆ ಕಟ್ಟಿ

ಇ-ರೀಡರ್ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಬ್ಯಾಗಿನಲ್ಲಿ ಒತ್ತಡ ಬಿದ್ದು ಪರದೆ ಒಡೆಯುತ್ತದೆ. ಬಹುತೇಕ ಇ-ಇಂಕ್ ಪರದೆಗಳ ತಳ ತೆಳು ಗಾಜು. ಮೇಲಿನಿಂದ ಬಿರುಕು ಕಾಣದೆಯೂ ಒಳಗೆ ಒಡೆದು, ಪುಟದ ಒಂದು ಭಾಗ ಗೆರೆಗೆರೆಯಾಗಿ ನಿಂತುಬಿಡುತ್ತದೆ. ಪರದೆ ಬದಲಿಸುವ ಖರ್ಚು ಹೊಸ ಯಂತ್ರದ ಹತ್ತಿರ ಹೋಗುವುದರಿಂದ ರಿಪೇರಿಗೆ ಅರ್ಥವಿಲ್ಲ. ಆದ್ದರಿಂದ ಗಟ್ಟಿ ಮುಚ್ಚಳದ ಕವರ್ ಬಜೆಟ್ಟಿನೊಳಗೇ ಬರಬೇಕು. ಕೆಲವು ಕಡೆ ಕಿಂಡಲ್ ಅನ್ನು ಜಾಹೀರಾತು ಸಹಿತ ಕಡಿಮೆ ಬೆಲೆಗೆ ಮಾರುತ್ತಾರೆ. ಜಾಹೀರಾತು ಬರುವುದು ಯಂತ್ರವನ್ನು ಓದದೆ ಇಟ್ಟಾಗ ಪರದೆಯ ಮೇಲೆ, ಓದುವಾಗ ಅಲ್ಲ. ಸಹಿಸಬಹುದಾದರೆ ಅದು ಸರಿಯಾದ ಉಳಿತಾಯ.

8. ಸೆಕೆಂಡ್ ಹ್ಯಾಂಡ್ ಆದರೆ

ದುಡ್ಡು ಕೊಡುವ ಮುನ್ನ ಮಾರುವವರ ಎದುರಿಗೇ ಅವರ ಖಾತೆಯಿಂದ ಯಂತ್ರವನ್ನು ತೆಗೆಸಿ, ಫ್ಯಾಕ್ಟರಿ ರೀಸೆಟ್ ಮಾಡಿಸಿ, ನಿಮ್ಮ ಖಾತೆಗೆ ನೋಂದಾಯಿಸಿ. ಕಳೆದುಹೋಗಿದೆ ಎಂದು ದೂರು ದಾಖಲಾದ ಕಿಂಡಲ್ ಹೊಸ ಖಾತೆಗೆ ಸೇರುವುದಿಲ್ಲ, ಅದು ಈ ಹಂತದಲ್ಲೇ ಗೊತ್ತಾಗುತ್ತದೆ. ಪೂರ್ತಿ ಬಿಳಿ ಪುಟ, ಪೂರ್ತಿ ಕಪ್ಪು ಚಿತ್ರ ತೆರೆದು ಗೆರೆ, ಸತ್ತ ಚುಕ್ಕೆ ಹುಡುಕಿ. ಕತ್ತಲಲ್ಲಿ ಬೆಳಕು ಪೂರ್ತಿ ಏರಿಸಿ. ಅಂಚಿನಲ್ಲಿ ತುಸು ನೆರಳು ಸಹಜ, ಮಧ್ಯದಲ್ಲಿ ಹೊಳೆಯುವ ಚುಕ್ಕೆ ಇದ್ದರೆ ಪರದೆಯ ಪದರಕ್ಕೆ ಗೀರು ಅಥವಾ ಪೆಟ್ಟು ಬಿದ್ದಿರಬಹುದು. ಮೂಲೆ ನಾಲ್ಕರಲ್ಲೂ ಮುಟ್ಟಿ ನೋಡಿ. ಚಾರ್ಜಿಂಗ್ ಕಿಂಡಿ ಸಡಿಲವಾಗಿದ್ದರೆ ಬಿಟ್ಟುಬಿಡಿ. ಹಿಂದಿನ ಪುಟದ ನೆರಳು ಮಾತ್ರ ದೋಷವಲ್ಲ, ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಪುಟಕ್ಕೂ ರಿಫ್ರೆಶ್ ಹಾಕಿದರೆ ಹೋಗುತ್ತದೆ.

ಹೊಸದನ್ನು ಕೊಂಡರೂ ಇದೇ ಪರೀಕ್ಷೆಗಳನ್ನು ವಾಪಸಾತಿ ಅವಧಿಯೊಳಗೆ ಮಾಡಿ. ಪೆಟ್ಟಿಗೆ, ಬಿಲ್ಲು ಎಸೆಯಬೇಡಿ. ಮೊದಲ ದಿನವೇ ನಿಮ್ಮ ಹತ್ತು ಪುಸ್ತಕದ ಪಟ್ಟಿಯಿಂದ ಮೂರು ರೀತಿಯ ಫೈಲ್ ಹಾಕಿ: ಮಳಿಗೆಯಲ್ಲಿ ಕೊಂಡದ್ದೊಂದು, ಬೀಗವಿಲ್ಲದ ಕನ್ನಡ ಇಪಬ್ ಒಂದು, ಪಿಡಿಎಫ್ ಒಂದು. ಪ್ರತಿಯೊಂದರಲ್ಲೂ ಇಪ್ಪತ್ತು ಪುಟ ತಿರುಗಿಸಿ. ಎರಡು ಸರಿಯಾಗಿ ನಡೆದು ಪಿಡಿಎಫ್ ಮಾತ್ರ ಕಿರಿಕಿರಿ ಮಾಡಿದರೆ ಯಂತ್ರ ಇಟ್ಟುಕೊಳ್ಳಿ. ಕನ್ನಡ ಇಪಬ್ ಮೇಲೆ ಹೇಳಿದ ಎಲ್ಲ ಉಪಾಯಕ್ಕೂ ಬಗ್ಗದಿದ್ದರೆ ಅವಧಿ ಮುಗಿಯುವುದರೊಳಗೆ ಹಿಂದಿರುಗಿಸಿ.