ವ್ಯಾಪಾರ ಸೊನ್ನೆ ಆದ ತಿಂಗಳೂ ಜಿಎಸ್‌ಟಿ ರಿಟರ್ನ್ ಹಾಕ್ಲೇಬೇಕು, ಎಸ್ಸೆಮ್ಮೆಸ್ಸಲ್ಲೇ ಆಗತ್ತೆ

ವ್ಯಾಪಾರನೇ ಆಗಿಲ್ಲ, ಕಟ್ಟೋಕೆ ಟ್ಯಾಕ್ಸೂ ಇಲ್ಲ, ಮತ್ಯಾಕೆ ರಿಟರ್ನ್ ಅಂತ ಸುಮ್ನೆ ಕೂರ್ಬೇಡಿ. ಜಿಎಸ್‌ಟಿ ನಂಬರ್ ಚಾಲ್ತಿಲಿ ಇರೋವರೆಗೂ ಏನೂ ಇಲ್ಲ ಅನ್ನೋದನ್ನೂ ಹೇಳ್ಲೇಬೇಕು, ಇಲ್ಲಾಂದ್ರೆ ದಿನಕ್ಕೆ 20 ರೂಪಾಯಿ ಲೇಟ್ ಫೀ, ಒಂದು ರಿಟರ್ನ್‌ಗೆ 500ರವರೆಗೂ ಏರತ್ತೆ. ನಮ್ಮ ಚಿಕ್ಕಪ್ಪ ಅಂಗಡಿ ಬಾಗಿಲು ಹಾಕಿ ನಂಬರ್ ಹಂಗೇ ಬಿಟ್ಟಿದ್ರು, 6 ತಿಂಗಳು ದಾಟಿದ್ಮೇಲೆ ಕ್ಯಾನ್ಸಲ್ ಮಾಡ್ತೀವಿ ಅಂತ ನೋಟಿಸ್ ಬಂತು, ಒಂದು ಪೈಸೆ ಸಂಪಾದನೆ ಇಲ್ದಿರೋ ತಿಂಗಳುಗಳಿಗೂ ಫೀ ಕಟ್ಟಿದ್ರು ಪಾಪ.

ಮೊದ್ಲು ನಿಮ್ಮದು ನಿಜವಾಗ್ಲೂ ‘ನಿಲ್’, ಅಂದ್ರೆ ಏನೂ ಇಲ್ಲ ಅಂತ ಹಾಕೋ ರಿಟರ್ನೇನಾ ಅಂತ ನೋಡ್ಕೊಳ್ಳಿ, ಎಲ್ರೂ ಎಡವೋದು ಇಲ್ಲೇ. ಮಾರಾಟ ಇಲ್ಲ ಅಂದ್ರೂ ಖರೀದಿ ಮೇಲೆ ಇನ್‌ಪುಟ್ ಕ್ರೆಡಿಟ್ (ಖರೀದಿಲಿ ಕಟ್ಟಿದ ಜಿಎಸ್‌ಟಿನ ನಿಮ್ಮ ಟ್ಯಾಕ್ಸಲ್ಲಿ ಕಳ್ಕೊಳ್ಳೋದು) ತಗೊಳ್ಳೋದಿದ್ರೆ ಅದು ನಿಲ್ ಅಲ್ಲ. ಅಂಗಡಿ ಬಾಡಿಗೆನೂ ಅಷ್ಟೇ, ಓನರ್ ಹತ್ರ ಜಿಎಸ್‌ಟಿ ನಂಬರ್ ಇಲ್ಲಾಂದ್ರೆ 2024ರ ಅಕ್ಟೋಬರ್ 10ರಿಂದ ಆ ಬಾಡಿಗೆ ಮೇಲಿನ 18% ಜಿಎಸ್‌ಟಿನ ರಿವರ್ಸ್ ಚಾರ್ಜಲ್ಲಿ, ಅಂದ್ರೆ ಓನರ್ ಬದ್ಲು ನೀವೇ ಕಟ್ಬೇಕು (ಸಣ್ಣ ವ್ಯಾಪಾರಿಗಳ ಕಾಂಪೊಸಿಷನ್ ಸ್ಕೀಮಲ್ಲಿ ಇರೋರಿಗೆ ಇದಿಲ್ಲ), ಬಾಗಿಲು ಮುಚ್ಚಿದ್ರೂ ಬಾಡಿಗೆ ಕೊಡ್ತಿದ್ರೆ ನಿಲ್ ಅಂತ ಹಾಕೋ ಹಾಗಿಲ್ಲ. ಹಳೇ ಲೇಟ್ ಫೀ ಬಾಕಿ ಇದ್ರೂ ಎಸ್ಸೆಮ್ಮೆಸ್ ದಾರಿ ಇಲ್ಲ, ಜಿಎಸ್‌ಟಿ ಪೋರ್ಟಲ್ಲಿಗೇ ಹೋಗ್ಬೇಕು.

ಹಾಕ್ಬೇಕಾದ ರಿಟರ್ನ್ ಎರಡು, ಮಾರಾಟದ ವಿವರದ್ದು ಜಿಎಸ್‌ಟಿಆರ್-1 (ಮೆಸೇಜಲ್ಲಿ ಆರ್1), ಟ್ಯಾಕ್ಸ್ ಲೆಕ್ಕದ್ದು ಜಿಎಸ್‌ಟಿಆರ್-3ಬಿ (ಮೆಸೇಜಲ್ಲಿ 3ಬಿ). ಎಲ್ಲಾ ಸರಿ ಇದ್ರೆ ಜಿಎಸ್‌ಟಿಲಿ ರಿಜಿಸ್ಟರ್ ಆಗಿರೋ ಮೊಬೈಲಿಂದ 14409ಕ್ಕೆ ಮೆಸೇಜ್ ಕಳ್ಸಿ. ಇಂಗ್ಲಿಷ್ ಅಕ್ಷರದಲ್ಲಿ ಎನ್ಐಎಲ್, ಒಂದು ಸ್ಪೇಸ್, ಆರ್1, ಸ್ಪೇಸ್, ನಿಮ್ಮ 15 ಅಕ್ಷರದ ಜಿಎಸ್‌ಟಿ ನಂಬರ್ (ಕರ್ನಾಟಕದ್ದಾದ್ರೆ 29ರಿಂದ ಶುರು), ಸ್ಪೇಸ್, ಆಮೇಲೆ ತಿಂಗಳು ವರ್ಷ ಸೇರಿಸಿ, ಏಪ್ರಿಲ್ 2025 ಆದ್ರೆ 042025 ಅಂತ. 6 ಅಂಕಿ ಕೋಡ್ ಬರತ್ತೆ, ಅದು 30 ನಿಮಿಷ ಮಾತ್ರ ಇರತ್ತೆ, ಅಷ್ಟರೊಳಗೆ ಸಿಎನ್‌ಎಫ್, ಸ್ಪೇಸ್, ಆರ್1, ಸ್ಪೇಸ್, ಕೋಡ್ ಅಂತ ಅದೇ ನಂಬರಿಗೆ ವಾಪಸ್ ಕಳ್ಸಿ. ಎಆರ್‌ಎನ್ ಅನ್ನೋ ಸ್ವೀಕೃತಿ ನಂಬರ್ ಬಂದ್ರೆ ಕೆಲಸ ಆಯ್ತು, ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಆಮೇಲೆ ಆರ್1 ಇದ್ದಲ್ಲೆಲ್ಲ 3ಬಿ ಹಾಕಿ ಇದೇ ಥರ ಇನ್ನೊಂದು ಸಲ, ಆರ್1 ಆಗ್ದೆ 3ಬಿ ತಗೊಳ್ಳಲ್ಲ. ಪ್ರತಿ ತಿಂಗಳು ಹಾಕೋರಿಗೆ ಆರ್1 ಮುಂದಿನ ತಿಂಗಳು 11ಕ್ಕೆ, 3ಬಿ 20ಕ್ಕೆ ಕಡೇ ದಿನ.

ನಂಬರ್ ಮಾಡಿಸುವಾಗ ಕನ್ಸಲ್ಟೆಂಟ್ ತಮ್ಮ ಮೊಬೈಲೇ ಕೊಟ್ಟಿದ್ರೆ ಮೊದ್ಲು ನಿಮ್ಮದಕ್ಕೆ ಬದಲಾಯಿಸ್ಕೊಳ್ಳಿ, ಇಲ್ಲಾಂದ್ರೆ ನಿಮ್ಮ ಫೋನಿಂದ ಕಳ್ಸಿದ್ದು ನಡೆಯಲ್ಲ.

ವ್ಯಾಪಾರ ಪೂರ್ತಿ ನಿಲ್ಸಿದೀರಾ ಅಂದ್ರೆ ನಿಲ್ ಹಾಕ್ತಾ ಕೂರೋ ಬದ್ಲು ಪೋರ್ಟಲಲ್ಲಿ ಕ್ಯಾನ್ಸಲ್‌ಗೆ ಅರ್ಜಿ ಕೊಡಿ, ಆರ್ಡರ್ ಬಂದ 3 ತಿಂಗಳೊಳಗೆ ಜಿಎಸ್‌ಟಿಆರ್-10 ಅನ್ನೋ ಕೊನೇ ರಿಟರ್ನ್ ಒಂದು ಬಾಕಿ ಇರತ್ತೆ, ಅದನ್ನ ಮರೀಬೇಡಿ.